ತಾಲೂತರ ವಂಶ ಮತ್ತು ನಮ್ಮ ಖಾಂದಾನಿನ ಮಾತು



ಸೂರಾ ಅಲ್-ಬಕರಾದಲ್ಲಿ ಬರುವ ತಾಲೂತರ ಪ್ರಸಂಗವನ್ನು ಜುಮಾ ಖುತ್ಬಾದಲ್ಲಿ ಹೇಳಿದ್ದೆವು. ನಮಾಜಿನ ನಂತರ ಕೆಲವು ಯುವಕರು ಕೇಳಿದರು: "ಪಠಾಣರು ತಾಲೂತರ ಸಂತತಿ, ಬನೀ ಇಸ್ರಾಈಲಿನ ಕಳೆದುಹೋದ ಹತ್ತು ಕುಲದವರು ಎನ್ನುತ್ತಾರೆ. ಇದು ನಿಜವೇ?" ನೌಬಾದ, ಭಾಲ್ಕಿ, ಔರಾದ್ ಕಡೆ ಈ ಮಾತು ಹೊಸದಲ್ಲ. ಬರೀ ಹೆಮ್ಮೆಯ ಮಾತಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಆದರೆ ಹೆಣ್ಣು-ಗಂಡು ನೋಡುವಾಗಲೂ ಇದು ಎದುರಿಗೆ ಬರುತ್ತದೆ. ಹುಡುಗ ನಮಾಜಿ, ಓದಿದವ, ದುಡಿಯುವವ. ಆದರೆ ನದಾಫರ ಮನೆಯವನು ಎಂಬ ಒಂದೇ ಕಾರಣಕ್ಕೆ ಮಾತುಕತೆ ಮುರಿದದ್ದನ್ನು ಕೇಳಿದ್ದೇವೆ. ಆದ್ದರಿಂದ ಉತ್ತರವನ್ನು ವಿವರವಾಗಿಯೇ ಬರೆಯುತ್ತೇವೆ.

ಇಸ್ರಾಈಲ್ ಎಂಬುದು ಪ್ರವಾದಿ ಯಾಕೂಬ್(ಅ)ರ ಇನ್ನೊಂದು ಹೆಸರು. ಅವರ ಹನ್ನೆರಡು ಮಕ್ಕಳ ಸಂತತಿಯೇ ಹನ್ನೆರಡು ಕುಲಗಳು. ಕುರ್‌ಆನ್ ಇವರನ್ನು 'ಅಸ್ಬಾತ್' ಎನ್ನುತ್ತದೆ. ಪ್ರವಾದಿ ಮೂಸಾ(ಅ) ಕಲ್ಲಿಗೆ ಕೋಲಿನಿಂದ ಹೊಡೆದಾಗ ಹನ್ನೆರಡು ಬುಗ್ಗೆಗಳು ಚಿಮ್ಮಿದ್ದು ಇವರಿಗಾಗಿಯೇ. ಈ ಜನ ಫಲಸ್ತೀನಿನಲ್ಲಿ ನೆಲೆಸಿದ್ದು ಹೇಗೆ ಎಂಬುದರ ಮೇಲೆ ಇತಿಹಾಸಕಾರರಲ್ಲಿ ದೊಡ್ಡ ವಾದವಿದೆ. ಹೊರಗಿನಿಂದ ಬಂದು ಯುದ್ಧದಲ್ಲಿ ಗೆದ್ದರು ಎನ್ನುವವರಿದ್ದಾರೆ. ಕುರಿ ಕಾಯುತ್ತಾ ಮೆಲ್ಲಗೆ ಬಂದು ಸೇರಿದರು ಎನ್ನುವವರಿದ್ದಾರೆ. ಬಹುಪಾಲು ಜನ ಕನಾನಿನ ಬೆಟ್ಟಗಳ ಮೂಲ ನಿವಾಸಿಗಳೇ ಆಗಿದ್ದರು ಎಂಬುದು ಇತ್ತೀಚಿನ ಹಲವು ಪುರಾತತ್ವಜ್ಞರ ಅಭಿಪ್ರಾಯ. 1896ರಲ್ಲಿ ಈಜಿಪ್ಟಿನಲ್ಲಿ ಫರೋ ಮೆರ್ನೆಪ್ತಾನ ಒಂದು ಶಾಸನ ಸಿಕ್ಕಿತು. ಕ್ರಿ.ಪೂ. 1208ರ ಸುಮಾರಿನ ಆ ಕಲ್ಲಿನಲ್ಲಿ 'ಇಸ್ರಾಈಲ್' ಎಂಬ ಹೆಸರು ಒಂದು ಜನಾಂಗದ ಹೆಸರಾಗಿ ಬಂದಿದೆ. ಕಲ್ಲು ಹೇಳುವುದು ಇಷ್ಟು ಮಾತ್ರ. ಕುರ್‌ಆನ್ ಕೂಡ ಈ ಕುಲಗಳ ತಲೆಮಾರಿನ ಪಟ್ಟಿ ಕೊಡುವುದಿಲ್ಲ, ಅವರ ನಡತೆಯ ಕಥೆ ಹೇಳುತ್ತದೆ.

ಪ್ರವಾದಿ ಸುಲೈಮಾನ್(ಅ)ರ ನಂತರ ಈ ಜನರ ರಾಜ್ಯ ಎರಡಾಯಿತು. ಉತ್ತರದಲ್ಲಿ ಹತ್ತು ಕುಲ, ದಕ್ಷಿಣದಲ್ಲಿ ಯಹೂದಾ ಮತ್ತು ಬಿನ್ಯಾಮೀನ್. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯಾದವರು ಉತ್ತರದ ರಾಜಧಾನಿ ಸಮಾರಿಯಾವನ್ನು ಗೆದ್ದು ಜನರನ್ನು ಒಯ್ದರು. 'ಕಳೆದುಹೋದ ಹತ್ತು ಕುಲ' ಎನ್ನುವುದು ಇವರನ್ನೇ. ದಕ್ಷಿಣದವರನ್ನು ಸೆರೆ ಒಯ್ದವನು ಬಾಬಿಲಿನ ಬುಖ್ತ್‌ನಸರ್. ಆತ ಬೈತುಲ್ ಮುಕದ್ದಸ್ಸನ್ನು ಹಾಳುಗೆಡವಿದ್ದು ಕ್ರಿ.ಪೂ. 586ರ ಹೊತ್ತಿಗೆ.

ಈಗ ಪಠಾಣರ ಕಥೆಗೆ ಬರೋಣ. ಇದು ವಿಸ್ತಾರವಾಗಿ ಸಿಗುವುದು ನಿಅಮತುಲ್ಲಾ ಹರವಿಯವರ 'ಮಖ್ಜನೆ ಅಫ್ಘಾನಿ' ಎಂಬ ಫಾರ್ಸಿ ಗ್ರಂಥದಲ್ಲಿ. ಜಹಾಂಗೀರನ ಅಮೀರ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ, 1613ರಲ್ಲಿ, ನಮ್ಮ ದಖ್ಖನಿನ ಹೆಬ್ಬಾಗಿಲಾದ ಬುರಹಾನ್‌ಪುರದಲ್ಲಿ ಅದು ಮುಗಿಯಿತು. ತಾಲೂತರ ಮೊಮ್ಮಗ ಅಫ್ಘಾನಾ. ಆತನ ಸಂತತಿ ಬುಖ್ತ್‌ನಸರನ ಕಾಟದಿಂದ ಗೋರ್ ಬೆಟ್ಟಗಳಿಗೆ ಬಂತು. ತಾಲೂತರಿಂದ 37ನೇ ತಲೆಮಾರಿನ ಕೈಸ್ ಮದೀನಾಕ್ಕೆ ಹೋಗಿ ಪ್ರವಾದಿ(ಸ)ರಿಂದ ಅಬ್ದುರ್ರಶೀದ್ ಎಂಬ ಹೆಸರು ಪಡೆದ ಎಂಬುದು ಅದರ ಸಾರ.

ಲೆಕ್ಕ ಹಾಕಿ ನೋಡಿ. ತಾಲೂತರಿಂದ ಪ್ರವಾದಿ(ಸ)ರ ಕಾಲಕ್ಕೆ ಸುಮಾರು 1,600 ವರ್ಷ. ಅದನ್ನು 37 ತಲೆಮಾರಿಗೆ ಹಂಚಿದರೆ ಒಂದೊಂದಕ್ಕೆ 43 ವರ್ಷ ಬರುತ್ತದೆ. ಅಂದರೆ ಪ್ರತಿಯೊಬ್ಬ ತಂದೆಗೂ ನಲವತ್ತು ದಾಟಿದ ಮೇಲೆಯೇ ಆ ಮಗ ಹುಟ್ಟಿರಬೇಕು! ಇನ್ನೊಂದು ತೊಡಕು: ತಾಲೂತರು ಬಿನ್ಯಾಮೀನ್ ಕುಲದವರು, ಆ ಕುಲ ಕಳೆದುಹೋದ ಹತ್ತರಲ್ಲಿ ಇಲ್ಲ. ತಾಲೂತರ ಸಂತತಿ ಎಂದವರು ಹತ್ತು ಕುಲದವರು ಎನ್ನಲು ಬರುವುದಿಲ್ಲ. ಪಶ್ತೋ ಭಾಷೆಯೂ ಹಿಬ್ರೂ, ಅರಬಿಗಳ ಬಳಗದ್ದಲ್ಲ. ಅದು ಫಾರ್ಸಿಯ ನೆಂಟ.

ಹಾಗಾದರೆ ಈ ಕಥೆ ಏಕೆ ಬೇಕಾಯಿತು? 1526ರಲ್ಲಿ ಪಾನಿಪತ್ತಿನಲ್ಲಿ ಲೋದಿಗಳ ಗದ್ದುಗೆ ಹೋಯಿತು. 1540ರಲ್ಲಿ ಶೇರ್ ಶಾ ಅದನ್ನು ಮರಳಿ ಪಡೆದ, ಅವನ ಮಗನ ಕಾಲದ ನಂತರ ಅದೂ ಕೈಬಿಟ್ಟಿತು. ಮೊಗಲರ ದರ್ಬಾರಿನಲ್ಲಿ ತುರ್ಕರ, ಇರಾನಿಗಳ ಪಕ್ಕ ನಿಲ್ಲಬೇಕಾದ ಅಫ್ಘಾನ್ ಅಮೀರನಿಗೆ ಅವರಿಗಿಂತ ಹಳೆಯ ವಂಶವೊಂದು ಬೇಕಿತ್ತು. ನಮ್ಮ ತಿಳಿವಳಿಕೆ ಇದು. ಅದನ್ನು ಮೋಸ ಎನ್ನಲು ಮನಸ್ಸು ಬಾರದು, ಆದರೆ ಅದನ್ನು ದೀನಿನ ಭಾಗ ಎನ್ನಲೂ ಆಗದು.

ಬನೀ ಇಸ್ರಾಈಲ್ ಎಂಬ ಹೆಸರನ್ನೇ ಇಟ್ಟುಕೊಂಡವರು ನಮಗೆ ಇನ್ನೂ ಹತ್ತಿರದಲ್ಲಿದ್ದಾರೆ. ಅವರು ಕೊಂಕಣದ ಅಲಿಬಾಗ್ ಕಡೆಯ ಯಹೂದಿಗಳು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ನವಗಾಂವ್ ದಡ ಸೇರಿದರು ಎಂಬುದು ಅವರ ಕಥೆ. ಮರಾಠಿ ಮಾತಾಡುತ್ತಾ, ಗಾಣದಲ್ಲಿ ಎಣ್ಣೆ ತೆಗೆಯುತ್ತಾ ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ ತೇಲಿ' ಎಂದರು. 2016ರಲ್ಲಿ ಪ್ರಕಟವಾದ ಒಂದು ಜೀನ್ ಅಧ್ಯಯನ ಅವರಲ್ಲಿ ಯಹೂದಿ ಮೂಲವೂ ಭಾರತೀಯ ಮೂಲವೂ ಬೆರೆತಿವೆ ಎಂದು ತೋರಿಸಿತು. ಇವರಲ್ಲಿ ಅನೇಕರು ಇಸ್ರೇಲಿಗೆ ವಲಸೆ ಹೋದಾಗ ಏನಾಯಿತು? 1962ರಲ್ಲಿ ಅಲ್ಲಿನ ಧರ್ಮಗುರುಗಳು, ಇವರ ಮದುವೆಗೆ ಮುಂಚೆ ಅಜ್ಜಿ, ಮುತ್ತಜ್ಜಿಯರ ಮೂಲ ವಿಚಾರಿಸಬೇಕು ಎಂದು ಆದೇಶಿಸಿದರು. ಮದುವೆಗಳು ನಿಂತವು. ಜನ ಜೆರುಸಲೇಮಿನಲ್ಲಿ ಧರಣಿ ಕೂತರು. 1964ರಲ್ಲಿ ಸಂಸತ್ತು ಅವರ ಪರ ನಿಂತ ಮೇಲೆ ಆ ಆದೇಶ ಬದಲಾಯಿತು. ಹೆಸರಿನಲ್ಲೇ ಇಸ್ರಾಈಲ್ ಇದ್ದರೂ ಹುಡುಗಿಯ ಅಜ್ಜಿ ಯಾರೆಂದು ಕೇಳುವುದು ತಪ್ಪಲಿಲ್ಲ.

ಇನ್ನು ತಾಲೂತರು. ಅಲ್ಲಾಹನು ಅವರನ್ನು ದೊರೆಯಾಗಿ ನೇಮಿಸಿದಾಗ ಜನ ತಗಾದೆ ತೆಗೆದರು: ದೊರೆತನಕ್ಕೆ ಇವನಿಗಿಂತ ನಾವು ಹೆಚ್ಚು ಅರ್ಹರು, ಇವನಿಗೆ ಸಂಪತ್ತೂ ಇಲ್ಲ ಎಂದು. ಪ್ರವಾದಿತನ ಒಂದು ಕುಲದಲ್ಲಿ, ದೊರೆತನ ಇನ್ನೊಂದರಲ್ಲಿ, ತಾಲೂತರು ಎರಡಕ್ಕೂ ಸೇರಿದವರಲ್ಲ ಎಂಬುದು ಅವರ ಸಿಟ್ಟು ಎಂದು ಮುಫಸ್ಸಿರರು ವಿವರಿಸುತ್ತಾರೆ. ಅಲ್ಲಾಹನು ಎತ್ತಿ ತೋರಿಸಿದ್ದು ಅವರ ಜ್ಞಾನವನ್ನು ಮತ್ತು ದೇಹಬಲವನ್ನು. ಖಾಂದಾನ್ ಸಾಲದು ಎಂದು ಹೀಗಳೆಯಲ್ಪಟ್ಟವರ ಹೆಸರನ್ನೇ ನಾವಿಂದು ಖಾಂದಾನಿನ ಹಿರಿಮೆಗೆ ಬಳಸುತ್ತಿದ್ದೇವೆ. ಉಮ್ಮುಲ್ ಮೂಮಿನೀನ್ ಸಫಿಯ್ಯಾ(ರ) ನಿಜವಾಗಿಯೂ ಬನೀ ಇಸ್ರಾಈಲಿನವರು. ಯಹೂದಿಯ ಮಗಳು ಎಂಬ ಚುಚ್ಚುಮಾತಿಗೆ ಅವರು ಅತ್ತಾಗ, ನಿನ್ನ ಹಿರಿಯರು ಹಾರೂನ್, ಮೂಸಾ ಅಲ್ಲವೇ ಎಂದು ಪ್ರವಾದಿ(ಸ) ಸಂತೈಸಿದರು.

ಕುಫೂ, ಅಂದರೆ ಮದುವೆಯಲ್ಲಿ ಸರಿಸಮಾನತೆ, ನಮ್ಮ ಹನಫಿ ಫಿಕ್ಹಿನಲ್ಲಿ ಇಲ್ಲವೇ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಇದೆ. ಕಸುಬಿನ ಮಾತೂ ಅದರಲ್ಲಿ ಬರುತ್ತದೆ, ಮುಚ್ಚಿಡುವುದಿಲ್ಲ. ಆದರೆ ಮದ್ರಸಾದಲ್ಲಿ ಕಲಿಸುವ 'ಹಿದಾಯಾ' ಗ್ರಂಥದ ಪ್ರಕಾರ ವಂಶದ ಲೆಕ್ಕ ಅರಬರ ನಡುವೆ ಮಾತ್ರ. ಅಜಮರು ತಮ್ಮ ವಂಶಾವಳಿ ಕಳೆದುಕೊಂಡವರು, ಅವರಲ್ಲಿ ಆ ಲೆಕ್ಕವಿಲ್ಲ. ಪಠಾಣರೂ ನದಾಫರೂ ಅಜಮರೇ. ಮನೆಯಲ್ಲಿ ಹಳೆಯ ಶಜರಾ ಕಾಗದಗಳಿದ್ದರೆ ಗೆದ್ದಲು ಹಿಡಿಯದಂತೆ ಜೋಪಾನ ಮಾಡಿ, ಬೀದರಿನ ಇತಿಹಾಸ ಬರೆಯುವವರಿಗೆ ಬೇಕಾಗುತ್ತದೆ. ನಿಕಾಹ್ ಓದಿಸಲು ನಮ್ಮಲ್ಲಿಗೆ ಬರುವಾಗ ಅದನ್ನು ತರುವ ಅಗತ್ಯವಿಲ್ಲ.