ನಮ್ಮ ಧಾಟಿಯಲ್ಲಿ ನಮ್ಮ ಹಾಡು: ನಾರಾಯಣ ವಾಮನ ತಿಲಕರ ಕಥೆ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆಗಳವರಾದ ನಮಗೆ ಮರಾಠಿ ಆರಾಧನೆ ಹೊಸದಲ್ಲ. ಮರಾಠಿ ಸಭೆಗಳ ‘ಉಪಾಸನಾ ಸಂಗೀತ’ ಎಂಬ ಹಾಡಿನ ಪುಸ್ತಕದಲ್ಲಿ ಒಂದು ಹೆಸರು ಮತ್ತೆ ಮತ್ತೆ ಸಿಗುತ್ತದೆ: ನಾರಾಯಣ ವಾಮನ ತಿಲಕ. ಇವರು ಲೋಕಮಾನ್ಯ ತಿಲಕರಲ್ಲ, ಬೇರೆಯವರು.

1861ರಲ್ಲಿ ರತ್ನಾಗಿರಿ ಸೀಮೆಯ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ತಿಲಕರು ಕವಿಗಳು. ರೈಲಿನಲ್ಲಿ ಜೊತೆಗಿದ್ದ ಅಪರಿಚಿತರೊಬ್ಬರು ಕೊಟ್ಟ ಹೊಸ ಒಡಂಬಡಿಕೆಯನ್ನು ಓದಿ, 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಹೆಂಡತಿ ಲಕ್ಷ್ಮೀಬಾಯಿಯವರು ಕೆಲವು ವರ್ಷ ಅವರಿಂದ ದೂರವೇ ಉಳಿದರು.

ಆ ಕಾಲದ ಆರಾಧನೆಯಲ್ಲಿ ಇಂಗ್ಲಿಷ್ ಹಾಡುಗಳನ್ನು ಅನುವಾದಿಸಿ, ಇಂಗ್ಲಿಷ್ ರಾಗಕ್ಕೇ ಹಾಡುವುದು ರೂಢಿಯಲ್ಲಿತ್ತು. ಬೇರೆ ಭಾಷೆಗಾಗಿ ಹುಟ್ಟಿದ ರಾಗಕ್ಕೆ ನಮ್ಮ ಮಾತು ಕೂಡಿಸಿದರೆ ಹ್ರಸ್ವ ದೀರ್ಘವಾಗುತ್ತದೆ, ದೀರ್ಘ ಮೊಟಕಾಗುತ್ತದೆ. ತಿಲಕರು ಹಿಡಿದದ್ದು ಅಭಂಗ, ಓವಿಗಳ ದಾರಿ. ಜ್ಞಾನೇಶ್ವರ, ನಾಮದೇವ, ತುಕಾರಾಮರಿಂದ ಜನರ ಬಾಯಿಗೆ ಬಂದ ಧಾಟಿ ಅದು. ಒಬ್ಬರು ಹೇಳಿಕೊಟ್ಟರೆ ಉಳಿದವರು ತಾಳ ಹಾಕಿ ಪಲ್ಲವಿ ಹಿಡಿಯುತ್ತಾರೆ. ಪುಸ್ತಕ ಬೇಕಿಲ್ಲ, ಅಕ್ಷರ ಬಾರದ ಅಜ್ಜಿಯೂ ಹಾಡಬಹುದು. ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮರೆಂಬ ಸೇತುವೆಯ ಮೇಲೆ ಎಂದು ತಿಲಕರು ಹೇಳುತ್ತಿದ್ದರು.

ಕನ್ನಡದಲ್ಲೂ ಇಂಥ ಪ್ರಯತ್ನ ನಡೆದಿತ್ತು. ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟ್ಟೆಲ್ ಅವರು 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಜರ್ಮನಿಯಿಂದ ಬಂದವರೇ ನಮ್ಮ ಛಂದಸ್ಸನ್ನು ಇಷ್ಟು ಶ್ರದ್ಧೆಯಿಂದ ಕಲಿತಿರುವಾಗ, ಇಲ್ಲೇ ಹುಟ್ಟಿದ ನಾವು?

ಭಜನೆಯ ಧಾಟಿ ಚರ್ಚಿಗೆ ಸರಿಯೇ ಎಂದು ಹಿರಿಯರು ಕೇಳಿದರೆ ಸಿಟ್ಟಾಗಬೇಡಿ. ಅದು ನ್ಯಾಯವಾದ ಪ್ರಶ್ನೆ. ಧಾಟಿ ನಾಡಿನದು, ಸಾಕ್ಷಿ ನಮ್ಮದು ಎಂಬುದೇ ತಿಲಕರ ಹಾಡುಗಳು ಕೊಡುವ ಉತ್ತರ. ಆದರೆ ಆ ಸಾಕ್ಷಿ ನಿಜವಾಗಿರಬೇಕು. ಮನೆಯನ್ನೇ ಕಳೆದುಕೊಂಡಂತಿದ್ದವರು ಬರೆದದ್ದರಿಂದಲೇ ಆ ಹಾಡುಗಳಿಗೆ ತೂಕ ಬಂತು.

1919ರಲ್ಲಿ ತಿಲಕರು ತೀರಿಕೊಂಡಾಗ ಅವರ ‘ಕ್ರಿಸ್ತಾಯನ’ ಕಾವ್ಯ ಅರ್ಧದಲ್ಲೇ ನಿಂತಿತ್ತು. ಅದನ್ನು ಮುಗಿಸಿದವರು ಲಕ್ಷ್ಮೀಬಾಯಿ. ಒಮ್ಮೆ ದೂರವಾಗಿದ್ದ ಅವರು ತಾವೂ ದೀಕ್ಷಾಸ್ನಾನ ಪಡೆದಿದ್ದರು. ಶಾಲೆಯ ಮುಖ ಕಾಣದ ಅವರು ಮದುವೆಯಾದ ಮೇಲೆ ಅಕ್ಷರ ಕಲಿತವರು.

ಹಾಗಾದರೆ ಈ ಸಲ ಯುವಕೂಟಕ್ಕೆ ಹೊಸ ಹಾಡು ಬರೆಯುವ ಮೊದಲು ಗಿಟಾರ್ ಪಕ್ಕಕ್ಕಿಡಿ. ಅಜ್ಜಿಯ ಹತ್ತಿರ ಕೂತು ಬೀಸುವ ಕಲ್ಲಿನ ಒಂದು ಹಾಡು ಹೇಳಿಸಿಕೊಳ್ಳಿ. ಆಮೇಲೆ ನಿಮ್ಮ ಜೀವನದಲ್ಲಿ ಕರ್ತನು ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಪಾಸ್ಟರ್ ಅವರಿಗೆ ತೋರಿಸಿ, ಅಜ್ಜಿಗೆ ಹಾಡಿ ಕೇಳಿಸಿ. ಎರಡನೆಯ ಸಲಕ್ಕೇ ಅವರು ಪಲ್ಲವಿ ಹಿಡಿದರೆ, ಅದು ಸಭೆಯ ಹಾಡು.