ಅಳಿವೆಗಳ ದಾರಿಯಲ್ಲಿ ಮನೆಗಾಡಿ

ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಕ್ಯಾಂಪರ್ ವ್ಯಾನೊಂದು ಬೆಳಿಗ್ಗೆ ತಲಪಾಡಿ ಬಿಟ್ಟರೆ, ಮರವಂತೆಯಲ್ಲಿ ಎಡಕ್ಕೆ ಕಡಲನ್ನೂ ಬಲಕ್ಕೆ ಸೌಪರ್ಣಿಕೆಯನ್ನೂ ಕಾಣುತ್ತ ಸಂಜೆಯೊಳಗೆ ಕಾರವಾರ ಸೇರಬಹುದು. ಎಲ್ಲಿಯೂ ದೋಣಿಗಾಗಿ ಕಾಯಬೇಕಿಲ್ಲ. ಈ ಸಲೀಸು ಎಷ್ಟು ಈಚಿನದೆಂಬುದು ಹಳಬರಿಗಷ್ಟೇ ನೆನಪಿರಬೇಕು. ಕರಾವಳಿಯ ಉದ್ದಕ್ಕೂ ಚಕ್ರದ ಮೇಲೆ ಸಾಗುವುದು ನಮ್ಮ ನಾಡಿನ ಹಳೆಯ ರೂಢಿಯಲ್ಲ; ಇಲ್ಲಿನ ನೆಲವೇ ಅದಕ್ಕೆ ಒಪ್ಪುವಂಥದಲ್ಲ.

ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವೆಲ್ಲ ಘಟ್ಟದಿಂದಿಳಿದು ಕಡಲ ಹತ್ತಿರ ಬಂದಾಗ ಹರವಾಗಿ ನಿಲ್ಲುತ್ತವೆ. ಹತ್ತಿಪ್ಪತ್ತು ಮೈಲಿಗೊಂದು ಅಳಿವೆ ಎದುರಾಗುವ ಈ ನಾಡಿನಲ್ಲಿ ಜನರ ಓಡಾಟವೂ ನದಿಗಳ ಜಾಡನ್ನೇ ಹಿಡಿದಿತ್ತು: ಘಟ್ಟದಿಂದ ಬಂದರಿಗೆ, ಬಂದರಿನಿಂದ ಘಟ್ಟಕ್ಕೆ. ಮುಂಬಯಿಯ ಪೇಟೆಯಲ್ಲಿ 19ನೆಯ ಶತಮಾನದಲ್ಲಿ ‘ಕುಮಟಾ ಹತ್ತಿ’ ಹೆಸರಾಗಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು, ಹೆಸರು ಬಂದರಿಗೆ ದಕ್ಕಿತು. ಅಡ್ಡದಾರಿಯೇ ಇಲ್ಲಿನ ಹೆದ್ದಾರಿ. ಉದ್ದದ ದಾರಿ ಬರಿಯ ಕಾಲುದಾರಿ.

ಆ ಕಾಲುದಾರಿಯನ್ನು ಮನಸಾರೆ ಹೊಗಳಿದವನು ಮೊರಾಕ್ಕೊದ ಇಬ್ನ್ ಬತೂತಾ. 14ನೆಯ ಶತಮಾನದ ನಡುವೆ ಈ ತೀರಕ್ಕೆ ಬಂದ ಅವನು, ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿಯೆಂದೂ ಅದು ಪೂರ್ತಿ ಮರಗಳ ನೆರಳಿನಲ್ಲೇ ಸಾಗುತ್ತದೆಂದೂ ಬರೆಸಿದ್ದಾನೆ. ಅರ್ಧ ಮೈಲಿಗೊಂದರಂತೆ ಮರದ ಚಪ್ಪರ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ನಾವು ಅರವಟ್ಟಿಗೆ ಎನ್ನುವುದು ಇದನ್ನೇ. ಚಪ್ಪರದ ನೆರಳು ಎಲ್ಲ ಮತದವರಿಗೂ ಒಂದೇ. ನೀರು ಮಾತ್ರ ಹಿಂದೂವಿಗೆ ಪಾತ್ರೆಯಲ್ಲಿ, ಮುಸ್ಲಿಮನಿಗೆ ಬೊಗಸೆಗೆ ಸುರಿದು! ಇದನ್ನೂ ಅವನು ಮರೆಯದೆ ದಾಖಲಿಸಿದ. ಸರಕೆಲ್ಲ ಆಳುಗಳ ಹೆಗಲ ಮೇಲೆಯೇ ಸಾಗುತ್ತಿತ್ತು. ಇಷ್ಟೆಲ್ಲ ಮೆಚ್ಚಿದ ಅವನು ಹೊನ್ನಾವರದಿಂದ ತೆಂಕಕ್ಕೆ ಹೊರಟಾಗ ಹಿಡಿದದ್ದು ಹಡಗನ್ನು. ಅನುಕೂಲವಿದ್ದವರು ಈ ತೀರದಲ್ಲಿ ನೀರಿನ ಮೇಲೆಯೇ ಪಯಣಿಸಿದರು.

ನೆಲದ ಮೇಲೆಯೇ ಉದ್ದಕ್ಕೆ ಸಾಗಿದವರಲ್ಲಿ ಮುಖ್ಯನಾದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, ಗೆದ್ದ ಸೀಮೆಯ ಬೇಸಾಯ, ವ್ಯಾಪಾರಗಳನ್ನು ನೋಡಿಬರಲು ಕಂಪನಿ ಸರ್ಕಾರ ಕಳುಹಿಸಿದ ಈ ವೈದ್ಯ 1801ರ ಮೊದಲ ತಿಂಗಳುಗಳಲ್ಲಿ ಮಲಬಾರಿನ ಕಡೆಯಿಂದ ಬಂದು, ಮಂಗಳೂರು, ಕುಂದಾಪುರ, ಹೊನ್ನಾವರಗಳನ್ನು ಹಾದು ಸದಾಶಿವಗಡದ ಸೀಮೆಯವರೆಗೂ ಹೋದ. ದಿನಕ್ಕೊಂದು ಬಿಡಾರ, ದಿನಕ್ಕೊಂದು ಟಿಪ್ಪಣಿ. ಊರಿನ ಭತ್ತದ ತಳಿ, ಗೇಣಿಯ ಲೆಕ್ಕ, ಉಪ್ಪಿನ ಗದ್ದೆ ಎಲ್ಲವನ್ನೂ ಅವನು ಕೇಳಿ ಬರೆದುಕೊಂಡದ್ದು ದಾರಿ ನಿಧಾನವಾಗಿದ್ದುದರಿಂದ. ಅಳಿವೆ ದಾಟಲು ದೋಣಿ ಕಾಯುವವನಿಗೆ ಊರಿನವರೊಡನೆ ಮಾತನಾಡಲು ಬಿಡುವು ತಾನಾಗಿ ಸಿಗುತ್ತದೆ.

ಆಮೇಲೆ ಒಂದೂವರೆ ಶತಮಾನ ಕಳೆದರೂ ಉದ್ದದ ದಾರಿಗೆ ಒಬ್ಬ ಯಜಮಾನನಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಮದರಾಸಿನಲ್ಲೇ ಉಳಿಯಿತು, ಕಾಳಿಯಾಚೆ ಸ್ವಲ್ಪ ದೂರಕ್ಕೇ ಪೋರ್ಚುಗೀಸರ ಗಡಿ. ಮುಂಬಯಿಗೆ ಬೇಕಾಗಿದ್ದುದು ಹತ್ತಿ ಇಳಿಸುವ ಘಟ್ಟದ ರಸ್ತೆ. ಭಟ್ಕಳದಿಂದ ಕುಂದಾಪುರಕ್ಕೆ ಹೋಗುವವನ ಕಷ್ಟ ಯಾರಿಗೆ ಬೇಕಾಗಿತ್ತು? ಮಂಗಳೂರಿನಲ್ಲಿ 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಜನರ ಬಾಯಲ್ಲಿ ‘ಸಿಪಿಸಿ’, ಮೋಟಾರು ಓಡಿಸತೊಡಗಿತಾದರೂ ಮೋಟಾರಿನ ಓಟ ಕಡವಿನಲ್ಲಿ ನಿಲ್ಲಲೇಬೇಕಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ದೋಣಿಯೇರಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ವಾಹನವೇ ದಾಟಬೇಕಾದರೆ ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿದ ಜಂಗಲ್ ಬರಬೇಕು. ಮಳೆಗಾಲದ ಸೆಳವಿನಲ್ಲಿ ಅದೂ ಇಲ್ಲ. ಉತ್ತರ ಕನ್ನಡದಲ್ಲಿ ‘ತಾರಿಬಾಗಿಲು’ ಎಂಬ ಹೆಸರು ಇಂದಿಗೂ ಆ ಕಾಲವನ್ನು ಹೇಳುತ್ತದೆ.

1956ರಲ್ಲಿ ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದುವು, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಯಿತು. ಆ ಮೇಲೆಯೇ ಪನ್ವೇಲಿನಿಂದ ಕೇರಳದವರೆಗಿನ ಹೆದ್ದಾರಿ ಅರ್ಥವುಳ್ಳ ಮಾತಾದದ್ದು. 17ನೆಯ ಸಂಖ್ಯೆಯ ಈ ಹೆದ್ದಾರಿಗೆ 2010ರಲ್ಲಿ 66 ಎಂಬ ಸಂಖ್ಯೆ ಬಂತು. ಅಳಿವೆಗಳಿಗೆ ಒಂದೊಂದಾಗಿ ಸೇತುವೆ ಬಿದ್ದುವು. ಕಾರವಾರದ ಕಾಳಿ ಸೇತುವೆ ಮುಗಿದಾಗ 1980ರ ದಶಕ ಬಂದಿತ್ತು.

ಮನೆಯನ್ನೇ ಹೊತ್ತು ತಿರುಗುವ ವ್ಯಾನುಗಳು ಇದಕ್ಕೆ ಮೊದಲೇ ನಮ್ಮ ನೆರೆಗೆ ಬಂದಿದ್ದುವು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತಯಾರಿಸತೊಡಗಿದ ಪೆಟ್ಟಿಗೆಯಾಕಾರದ ವ್ಯಾನಿಗೆ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆ ಮಂಚ, ಕಪಾಟುಗಳನ್ನು ಜೋಡಿಸಿತು. 1960ರ ದಶಕದ ಕೊನೆಯ ಹೊತ್ತಿಗೆ ಯುರೋಪಿನ ತರುಣರು ಇಂಥ ವ್ಯಾನುಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾಟಿ ಗೋವೆಯ ಅಂಜುನಾ ಕಡಲದಂಡೆಗೆ ಬಂದಿಳಿಯುತ್ತಿದ್ದರು. 1979ರ ಇರಾನ್ ಕ್ರಾಂತಿ, ಅದೇ ವರ್ಷಾಂತ್ಯದಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ, ಈ ಎರಡೂ ಸೇರಿ ಆ ಹಾದಿಯನ್ನು ಮುಚ್ಚಿದುವು. ಗೋವೆಯಿಂದ ತೆಂಕಣಕ್ಕೆ ತಡೆಯಿಲ್ಲದ ರಸ್ತೆ ಸಿದ್ಧವಾಗುವ ಹೊತ್ತಿಗೆ ಕಾಬೂಲಿನಿಂದ ಬರುವ ವ್ಯಾನುಗಳೇ ನಿಂತುಹೋಗಿದ್ದುವು!

ವಾಹನವನ್ನೇ ಮನೆ ಮಾಡಿಕೊಂಡು ಈ ತೀರದಲ್ಲಿ ನಿಜವಾಗಿ ಬದುಕಿದವರು ಲಾರಿ ಚಾಲಕರು. ಸೀಟಿನ ಹಿಂದೆ ಹಾಸಿಗೆ, ಕೆಳಗೆ ಸೀಮೆಎಣ್ಣೆ ಸ್ಟೋವ್, ಮುಂದೆ ದೇವರ ಪಟ. 1999ರಲ್ಲಿ ಕೊಂಕಣ ರೈಲ್ವೆ ಲಾರಿಗಳನ್ನೇ ಬೋಗಿಯ ಮೇಲೆ ಹೊತ್ತೊಯ್ಯುವ ಸೇವೆ ಆರಂಭಿಸಿದಾಗ, ಚಾಲಕ ತನ್ನ ಮನೆಯಲ್ಲಿ ಕುಳಿತೇ ರೈಲಿನ ಮೇಲೆ ಸಾಗುವ ವಿಚಿತ್ರವೂ ಸಾಧ್ಯವಾಯಿತು.

ಸೇತುವೆಗಳೂ ಶಾಶ್ವತವಲ್ಲ. 1986ರ ಜುಲೈ 5ರಂದು ಪಣಜಿಯ ಮಾಂಡೋವಿ ಸೇತುವೆ ಕುಸಿದು ಜನ ಮತ್ತೆ ಫೆರಿ ಹತ್ತಬೇಕಾಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಹೊಳೆಗೆ ಬಿತ್ತು, ಚಾಲಕ ಬದುಕಿಕೊಂಡ.

ಅದಕ್ಕೆ ಮೂರು ವಾರ ಮೊದಲು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದದ್ದು ಇನ್ನೂ ಘೋರ. ದಕ್ಷಿಣ ಕನ್ನಡದಲ್ಲಿ ಘಟ್ಟ ದೂರ ಸರಿದಿದ್ದರೆ ಇಲ್ಲಿ ಸಹ್ಯಾದ್ರಿಯ ಕವಲುಗಳು ಕಡಲವರೆಗೂ ಚಾಚಿವೆ. ಶಿರೂರಿನಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ ರಸ್ತೆ. ಹೆದ್ದಾರಿ ಅಗಲ ಮಾಡಲು ಆ ಗುಡ್ಡದ ಬುಡವನ್ನು ಕಡಿದಿದ್ದರು. ರಸ್ತೆಯಂಚಿನಲ್ಲಿ ಒಂದು ಚಹಾದಂಗಡಿ, ಅಂದರೆ ಈ ಕಾಲದ ಅರವಟ್ಟಿಗೆ. ದೂರದ ಚಾಲಕರು ಅಲ್ಲಿ ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದರು. 2024ರ ಜುಲೈ 16ರ ಬೆಳಿಗ್ಗೆ ಮಳೆಯಲ್ಲಿ ಗುಡ್ಡ ಜಾರಿ ಅಂಗಡಿಯನ್ನೂ ನಡೆಸುತ್ತಿದ್ದ ಕುಟುಂಬವನ್ನೂ ನಿಂತ ವಾಹನಗಳನ್ನೂ ಹೊಳೆಗೆ ನೂಕಿತು. ಕೇರಳದ ಕಡೆಯ ಲಾರಿಯೊಂದು 71 ದಿನಗಳ ಹುಡುಕಾಟದ ನಂತರ, ಸೆಪ್ಟೆಂಬರ್ 25ರಂದು, ಗಂಗಾವಳಿಯ ತಳದಿಂದ ಮೇಲೆ ಬಂತು. ಚಾಲಕನ ದೇಹ ಅದರ ಕ್ಯಾಬಿನ್ನಿನಲ್ಲೇ ಇತ್ತು.