ಆರೋಪವನ್ನು ಎಲ್ಲಿ ಅಳೆಯುವುದು? ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ನಿಂದನಾ ಪ್ರಚಾರ ಮತ್ತು ಮತದಾರರ ತಿಳಿವಳಿಕೆ

2019ರ ಫೆಬ್ರುವರಿ 8ರಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬಿಡುಗಡೆ ಮಾಡಿದ ಆಡಿಯೊ ದೇವದುರ್ಗದ ಪ್ರವಾಸಿ ಮಂದಿರವನ್ನು ರಾಜ್ಯವೆಲ್ಲ ಮಾತಾಡುವ ತಾಣವಾಗಿಸಿತು. ಗುರುಮಠಕಲ್ ಶಾಸಕ ನಾಗನಗೌಡ ಕಂದಕೂರ ಅವರನ್ನು ಪಕ್ಷಾಂತರಕ್ಕೆ ಒಪ್ಪಿಸಲು ಮಗ ಶರಣಗೌಡ ಅವರಿಗೆ ಬಿ.ಎಸ್. ಯಡಿಯೂರಪ್ಪ ಅಲ್ಲಿ ಆಮಿಷವೊಡ್ಡಿದರು ಎಂಬುದು ಆರೋಪ. ಆಡಿಯೊ ನಕಲಿ ಎಂದು ಮೊದಲು ಹೇಳಿದ ಯಡಿಯೂರಪ್ಪ, ಎರಡು ದಿನದಲ್ಲಿ ಭೇಟಿಯನ್ನು ಒಪ್ಪಿಕೊಂಡರು. ಮಾತನ್ನು ಬೇಕಾದಷ್ಟೇ ಕತ್ತರಿಸಿ ಕೇಳಿಸಿದ್ದಾರೆ ಎಂದರು. ದೇವದುರ್ಗ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, ಹೈಕೋರ್ಟಿನ ತಡೆಯಾಜ್ಞೆ ಬಂತು. ತನಿಖೆ ಮುಂದುವರಿಸಲು ಕಲಬುರಗಿ ಪೀಠ ಅನುಮತಿ ಕೊಟ್ಟದ್ದು 2021ರ ಮಾರ್ಚ್ ಕೊನೆಗೆ. ರಾಯಚೂರು ಲೋಕಸಭಾ ಕ್ಷೇತ್ರದ ಜನ ಮತ ಹಾಕಿದ್ದು 2019ರ ಏಪ್ರಿಲ್ 23ರಂದು.

ಈ ಎರಡು ದಿನಾಂಕಗಳ ನಡುವಿನ ಅಂತರವೇ ಈ ಲೇಖನದ ವಿಷಯ. ನಿಂದನಾ ಪ್ರಚಾರದ ಚರ್ಚೆ ಸಾಮಾನ್ಯವಾಗಿ ಭಾಷೆಯ ಸುತ್ತಲೇ ಗಿರಕಿ ಹೊಡೆಯುತ್ತದೆ: ಯಾರು ಯಾರಿಗೆ ಏನೆಂದರು, ಯಾರ ಮಾತು ಹದ್ದು ಮೀರಿತು. ಮತದಾರರಿಗೆ ಅದು ಅಷ್ಟೇನೂ ಉಪಯೋಗದ ವಿಂಗಡಣೆಯಲ್ಲ. ಒರಟು ಮಾತಿನಲ್ಲಿ ನಿಜವಿರಬಹುದು, ಸಭ್ಯ ಜಾಹೀರಾತಿನಲ್ಲಿ ಸುಳ್ಳಿರಬಹುದು. ಮತದಾನದ ದಿನದೊಳಗೆ ತಾನೇ ಅಳೆದು ನೋಡಬಹುದಾದ ಆರೋಪ ಯಾವುದು, ನೋಡಲಾಗದ್ದು ಯಾವುದು ಎಂಬ ಭೇದವೇ ಹೆಚ್ಚು ಮುಖ್ಯ ಎಂಬುದು ನನ್ನ ವಾದ.

ಕಾನೂನು ಈ ಕೆಲಸ ಮಾಡಿಕೊಡುವುದಿಲ್ಲ. ಟೀಕೆ ಎದುರಾಳಿ ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಸೀಮಿತವಾಗಿರಬೇಕು ಎನ್ನುತ್ತದೆ ಮಾದರಿ ನೀತಿ ಸಂಹಿತೆ. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳೆಂದು ತಿಳಿದೂ ಹೇಳಿಕೆ ಹರಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಆದರೆ ಚುನಾವಣಾ ಅರ್ಜಿ ಹೈಕೋರ್ಟ್ ಮೆಟ್ಟಿಲೇರುವುದು ಫಲಿತಾಂಶದ ಮೇಲೆ. 2023ರ ಮೇ 5ರಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ‘ರೇಟ್ ಕಾರ್ಡ್’ ಜಾಹೀರಾತು ಕೊಟ್ಟಾಗ ಚುನಾವಣಾ ಆಯೋಗ ಮರುದಿನವೇ ಪುರಾವೆ ಕೇಳಿ ನೋಟಿಸ್ ಕಳಿಸಿತು. ಚುರುಕಿನ ಕ್ರಮವೇ. ಮತದಾನವಿದ್ದದ್ದು ಮೇ 10ಕ್ಕೆ. ಅದೇ ಜಾಹೀರಾತಿನ ಮೇಲಿನ ಮಾನನಷ್ಟ ಮೊಕದ್ದಮೆಯ ವಿಚಾರಣೆ 2024ರಲ್ಲೂ ನಡೆದಿತ್ತು.

ಮಾನ್ವಿಗೆ ಬಂದರೆ ಚಿತ್ರ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ‘ನೀರು ಕೊಡಲಿಲ್ಲ’ ಎಂಬ ಆರೋಪವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೈಲ್ 69ರಲ್ಲಿ, ಮೈಲ್ 104ರಲ್ಲಿ ಗೇಜ್ ಎಷ್ಟು ನಿಂತಿದೆ ಎಂಬುದು ಅಲ್ಲಿ ಚಹಾದಂಗಡಿಯ ಮಾತು. ಮಿತ ನೀರಾವರಿಗೆಂದು ರೂಪಿಸಿದ ಪ್ರದೇಶದಲ್ಲಿ ಭತ್ತ ಹಬ್ಬಿದ್ದು, ಮೇಲ್ಭಾಗದ ಅಕ್ರಮ ನೀರಾವರಿ, ಅದಕ್ಕೆ ಸಿಗುವ ರಾಜಕೀಯ ಆಸರೆ, ಇವೆಲ್ಲ ಅವರಿಗೆ ಗೊತ್ತು. ಈ ವಿಷಯದಲ್ಲಿ ಮತದಾರರೇ ತಜ್ಞರು, ಭಾಷಣಕಾರರೇ ಅಜ್ಞರು. ಆದರೆ ಈ ತಜ್ಞತೆಗೂ ಒಂದು ಗಡಿಯುಂಟು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ಕಳಚಿ ಗೇಟ್ ಕೊಚ್ಚಿಹೋದಾಗ ಪಕ್ಷಗಳು ಪರಸ್ಪರ ಬೈದುಕೊಂಡವು. ಅಣೆಕಟ್ಟೆಯ ನಿರ್ವಹಣೆ ತುಂಗಭದ್ರಾ ಮಂಡಳಿಯದು, ಅದರಲ್ಲಿ ಕೇಂದ್ರದ ಜೊತೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಇವೆ ಎಂಬ ವಿವರ ಆ ಗದ್ದಲದಲ್ಲಿ ಹಿಂದೆ ಸರಿಯಿತು. ನೀರು ಬಂತೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುತ್ತದೆ. ಹೊಣೆ ಯಾರದು ಎನ್ನುವುದು ಕಾಣುವುದಿಲ್ಲ.

ರಾಯಚೂರು ನಗರದ ಏಮ್ಸ್ ವಿವಾದ ಇವೆರಡರ ನಡುವಿನದು. ಏಮ್ಸ್ ರಾಯಚೂರಿಗೇ ಬೇಕೆಂದು 2022ರ ಮೇ 13ರಿಂದ ಹೋರಾಟ ಸಮಿತಿ ಧರಣಿ ಕೂತಿದ್ದರಿಂದ ಪ್ರತಿ ಪಕ್ಷವೂ ‘ದ್ರೋಹ ಅವರದು’ ಎನ್ನಬೇಕಾಯಿತು. ಇಲ್ಲಿ ಕೈಗೆ ಸಿಗುವ ಕಾಗದವಿದೆ: ರಾಜ್ಯದ ಶಿಫಾರಸು ಪತ್ರ. ಮೊದಲು ಹುಬ್ಬಳ್ಳಿ–ಧಾರವಾಡದ ಹೆಸರು ಹೋಗಿತ್ತು. 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ರಾಯಚೂರಿನ ಹೆಸರು ಬರೆದರು. ಮಂಜೂರಾತಿ ಕೇಂದ್ರದ್ದು. ಇಷ್ಟು ಗೊತ್ತಿದ್ದವರಿಗೆ ಯಾವ ಪಕ್ಷದ ಬೈಗುಳದಲ್ಲಿ ಎಷ್ಟು ಹುರುಳಿದೆ ಎಂದು ತೂಗುವುದು ಕಷ್ಟವಲ್ಲ.

ಅಭ್ಯರ್ಥಿಯ ಆಸ್ತಿ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರವೂ ಇಂಥದೇ ಕಾಗದ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ದಕ್ಕಿದ್ದು. ಪ್ರಕರಣಗಳ ವಿವರವನ್ನು ಪತ್ರಿಕೆ, ಟಿ.ವಿ.ಯಲ್ಲಿ ಪ್ರಕಟಿಸಬೇಕೆಂದು 2018ರಲ್ಲಿ ಇನ್ನೊಂದು ತೀರ್ಪು ಬಂತು. ಆದರೆ 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 59.56. ಸಣ್ಣಕ್ಷರದ ಜಾಹೀರಾತು ಯಾರನ್ನು ಮುಟ್ಟುತ್ತದೆ? ಅದನ್ನು ಓದಿ ಹೇಳುವವರು ಹೆಚ್ಚಾಗಿ ಎದುರಾಳಿಯ ಕಾರ್ಯಕರ್ತರೇ. ಆಗ ‘ಬಾಕಿ ಇರುವ ಪ್ರಕರಣ’ ಎನ್ನುವುದು ‘ಅಪರಾಧಿ’ ಎಂದಾಗುತ್ತದೆ.

ಫಲಿತಾಂಶ ನೋಡಿ ಪರಿಣಾಮ ಹೇಳುವ ಚಪಲವನ್ನು ಇಲ್ಲಿ ಬಿಡಬೇಕು. ಆಡಿಯೊ ಬಂದ ಎರಡೂವರೆ ತಿಂಗಳಿಗೆ ನಡೆದ ಮತದಾನದಲ್ಲಿ ಬಿಜೆಪಿಯ ರಾಜಾ ಅಮರೇಶ್ವರ ನಾಯಕ 1.17 ಲಕ್ಷ ಮತಗಳ ಅಂತರದಿಂದ ಗೆದ್ದರು. ನಡುವೆ ಪುಲ್ವಾಮಾ ನಡೆದಿತ್ತು. 2023ರಲ್ಲಿ ದೇವದುರ್ಗದಲ್ಲಿ ಬಿಜೆಪಿಯ ಕೆ. ಶಿವನಗೌಡ ನಾಯಕ ಜೆಡಿಎಸ್‌ನ ಕರೆಮ್ಮ ಜಿ. ನಾಯಕ ಅವರೆದುರು ಸೋತರು. ಎರಡನ್ನೂ ಆಡಿಯೊಗೆ ಗಂಟು ಹಾಕುವುದು ಸಂಶೋಧನೆಯಲ್ಲ, ಹರಟೆ. ಅಂತರ ಸಣ್ಣದಿದ್ದಾಗ ಮಾತ್ರ ಪ್ರಶ್ನೆ ಗಂಭೀರವಾಗುತ್ತದೆ: 2014ರಲ್ಲಿ ಇದೇ ಶಿವನಗೌಡ ನಾಯಕರು ಲೋಕಸಭೆಗೆ ನಿಂತು ಬಿ.ವಿ. ನಾಯಕರೆದುರು ಸೋತದ್ದು 1,499 ಮತಗಳಿಂದ.

ಇಷ್ಟು ಸಣ್ಣ ಅಂತರವಿರುವಲ್ಲಿ ಗುಳೆ ಹೋದವರ ಮತ ಲೆಕ್ಕಕ್ಕೆ ಬರಲೇಬೇಕು. ದೇವದುರ್ಗದ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರಿಗೆ ಕಾಲುವೆ ಕಾಣದು, ಆಸ್ಪತ್ರೆ ಕಾಣದು. ಊರಿನ ಆರೋಪ ಮಾತ್ರ ಮೊಬೈಲಿಗೆ ಬಂದು ಬೀಳುತ್ತದೆ. ಅಳೆಯುವ ಸಾಧನ ದೂರವಾಗಿ ಅಳೆಯಲಾಗದ್ದು ಹತ್ತಿರವಾಗುವುದು ಇವರಿಗೇ ಹೆಚ್ಚು. ಅಭ್ಯರ್ಥಿಯ ಕಡೆಯವರು ವಾಹನ ಗೊತ್ತುಮಾಡಿ ಮತದಾರರನ್ನು ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸುವುದು 123(5)ರ ಪ್ರಕಾರ ಭ್ರಷ್ಟ ಆಚರಣೆ. ಇವರನ್ನು ಊರಿಗೆ ಕರೆತರುವ ವಾಹನ ಯಾರದು, ದಾರಿಯುದ್ದಕ್ಕೂ ಅದರಲ್ಲಿ ನಡೆಯುವ ಮಾತು ಯಾರ ಪರ ಎಂಬುದನ್ನು ತಾಲ್ಲೂಕಿನ ಮನೆಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವ ಸಮೀಕ್ಷೆ ಹಿಡಿಯಲಾರದು.